ಅಮೆರಿಕದಲ್ಲಿ ರೆಸ್ಪಿರೇಟರಿ ಥೆರಪಿ ಕಲಿಯೋದು ಎಲ್ಲಿ? ಕಮ್ಯುನಿಟಿ ಕಾಲೇಜು, ಯೂನಿವರ್ಸಿಟಿ, ಖಾಸಗಿ ಸಂಸ್ಥೆಗಳ ಹೋಲಿಕೆ

ಅಮೆರಿಕದಲ್ಲಿರುವ ನಮ್ಮವರಲ್ಲಿ ಆಸ್ಪತ್ರೆ ಕೆಲಸ ಅಂದ ಕೂಡಲೇ ಮಾತು ನರ್ಸಿಂಗ್ ಕಡೆಗೆ ಹೋಗುತ್ತದೆ. ರೆಸ್ಪಿರೇಟರಿ ಥೆರಪಿ, ಅಂದರೆ ಉಸಿರಾಟದ ಚಿಕಿತ್ಸೆ, ಅನ್ನೋ ಇನ್ನೊಂದು ದಾರಿ ಇದೆ ಅಂತ ಗೊತ್ತಿರುವವರು ಕಡಿಮೆ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯಿಂದಲೇ ಐಸಿಯು ಒಳಗೆ ಹೊಣೆಯುಳ್ಳ ಕೆಲಸಕ್ಕೆ ಹೋಗಬಹುದಾದ ವೃತ್ತಿಗಳು ಅಲ್ಲಿ ಬಹಳ ಇಲ್ಲ. ಇದು ಅವುಗಳಲ್ಲಿ ಒಂದು. ಅದನ್ನು ಕಲಿಸುವ ಜಾಗವೂ ದೂರದಲ್ಲಿಲ್ಲ. ಫ್ರೀಮಾಂಟ್ ಸುತ್ತಮುತ್ತ ಇರುವವರಿಗೆ ಓಲೋನಿ ಕಾಲೇಜಿದೆ, ಲಾಸ್ ಆಲ್ಟೋಸ್ ಕಡೆಯವರಿಗೆ ಫುಟ್‌ಹಿಲ್ ಇದೆ. ಡಲ್ಲಾಸ್ ಉತ್ತರದಲ್ಲಿ ಕಾಲಿನ್ ಕಾಲೇಜು, ಶಿಕಾಗೊ ಪಶ್ಚಿಮದಲ್ಲಿ ಕಾಲೇಜ್ ಆಫ್ ಡುಪೇಜ್, ನ್ಯೂಜೆರ್ಸಿಯಲ್ಲಿ ಬರ್ಗನ್, ವರ್ಜೀನಿಯಾದಲ್ಲಿ ನೋವಾ (ನಾರ್ದರ್ನ್ ವರ್ಜೀನಿಯಾ ಕಮ್ಯುನಿಟಿ ಕಾಲೇಜು). ಎಲ್ಲವೂ ಸರ್ಕಾರಿ ಕಮ್ಯುನಿಟಿ ಕಾಲೇಜುಗಳೇ, ಅಂದರೆ ಮುಖ್ಯವಾಗಿ ಎರಡು ವರ್ಷದ ಡಿಗ್ರಿ ಕೊಡುವ ಸ್ಥಳೀಯ ಕಾಲೇಜುಗಳು.

ಆದರೆ ಹತ್ತಿರ ಇದೆ, ಫೀಸು ಕಡಿಮೆ ಅಂತ ಸುಮ್ನೆ ಹೋಗಿ ಸೇರುವ ಕೋರ್ಸಲ್ಲ ಇದು. ದಾರಿಗಳು ಮೂರ್ನಾಲ್ಕಿವೆ. ನಿಮ್ಮ ವೀಸಾ, ಮನೆಯ ಪರಿಸ್ಥಿತಿ, ಈಗಾಗಲೇ ಓದಿರುವುದು, ಇವುಗಳ ಮೇಲೆ ಯಾವುದು ಸರಿ ಅನ್ನೋದು ಬದಲಾಗುತ್ತದೆ.

ಮೊದಲು ಕೆಲಸ ಏನು ಅಂತ ನೋಡಿ

ಉಬ್ಬಸ ಬಂದು ಎಮರ್ಜೆನ್ಸಿಗೆ ಬಂದ ಮಗುವಿಗೆ ನೆಬ್ಯುಲೈಜರ್ ಕೊಡುವುದು, ಕಫ ಕಟ್ಟಿಕೊಂಡವರಿಗೆ ಸಕ್ಷನ್ ಮಾಡುವುದು, ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ) ಹಾಕುವುದು, ಮಣಿಕಟ್ಟಿನ ರಕ್ತನಾಳದಿಂದ ರಕ್ತ ತೆಗೆದು ಎಬಿಜಿ (ರಕ್ತದಲ್ಲಿನ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಮಟ್ಟದ ಪರೀಕ್ಷೆ) ನೋಡುವುದು, ಡಾಕ್ಟರು ಗಂಟಲಿಗೆ ಟ್ಯೂಬ್ ಇಳಿಸುವಾಗ ಪಕ್ಕದಲ್ಲಿ ನಿಂತು ಉಸಿರು ಕೊಡುವುದು, ವೆಂಟಿಲೇಟರ್ ಹೊಂದಿಸುವುದು, ರೋಗಿ ಚೇತರಿಸಿಕೊಂಡಾಗ ಅದರಿಂದ ಬಿಡಿಸುವುದು. ಕೋಡ್ ಬ್ಲೂ (ರೋಗಿಯ ಹೃದಯ ಅಥವಾ ಉಸಿರು ನಿಂತಿದೆ ಅನ್ನೋ ತುರ್ತು ಕರೆ) ಕೂಗಿದರೆ ಓಡುವವರಲ್ಲಿ ರೆಸ್ಪಿರೇಟರಿ ಥೆರಪಿಸ್ಟ್‌ಗಳೂ ಇರುತ್ತಾರೆ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಎನ್‌ಐಸಿಯುನಲ್ಲೂ ಇವರು ಬೇಕು. ಇನ್ನು ಕೆಲವರು ಪಲ್ಮನರಿ ಫಂಕ್ಷನ್ ಲ್ಯಾಬ್, ನಿದ್ದೆ ಪರೀಕ್ಷೆಯ ಲ್ಯಾಬ್, ಮನೆಗೆ ಆಕ್ಸಿಜನ್ ಒದಗಿಸುವ ಕಂಪನಿಗಳಲ್ಲಿ ಹಗಲು ಕೆಲಸ ಮಾಡುತ್ತಾರೆ.

ಲೆಕ್ಕ ಇಲ್ಲಿ ದಿನನಿತ್ಯದ ಮಾತು. ಉದಾಹರಣೆಗೆ ಎಆರ್‌ಡಿಎಸ್ (ಶ್ವಾಸಕೋಶಕ್ಕೆ ಆಗುವ ತೀವ್ರ ಹಾನಿ) ಆದ ರೋಗಿಗೆ ವೆಂಟಿಲೇಟರ್ ಒಂದು ಸಲಕ್ಕೆ ಎಷ್ಟು ಗಾಳಿ ಕೊಡಬೇಕು? ಕಿಲೋಗೆ 6 ಮಿಲಿಲೀಟರ್ ಆಸುಪಾಸಿನಿಂದ ಲೆಕ್ಕ ಹಿಡಿಯುತ್ತಾರೆ. ಆದರೆ ಆ ಕಿಲೋ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. 160 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಅದು ಸುಮಾರು 52 ಕಿಲೋ. ಅಂದರೆ ಒಂದು ಉಸಿರಿಗೆ 315 ಮಿಲಿಲೀಟರ್ ಆಸುಪಾಸು. ಆಕೆ 90 ಕಿಲೋ ಇದ್ದರೂ ಅಷ್ಟೇ, ಯಾಕೆಂದರೆ ಮೈ ದಪ್ಪವಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ತಕ್ಕಡಿಯ ತೂಕ ಹಿಡಿದು ಜಾಸ್ತಿ ಗಾಳಿ ತುಂಬಿದರೆ ಮೊದಲೇ ಗಾಯವಾಗಿರುವ ಶ್ವಾಸಕೋಶ ಇನ್ನಷ್ಟು ಹಾಳಾಗುತ್ತದೆ. ಈ ಥರದ ತರ್ಕ ಓದುವಾಗ ನಿಮಗೆ ಕುತೂಹಲ ಬಂತಾ? ಹಾಗಾದರೆ ಈ ಓದು ಹಿಡಿಸುತ್ತದೆ. ಗಣಿತ ಅಂದರೆ ಭಯ, ಕಫ ನೋಡಿದರೆ ವಾಕರಿಕೆ ಅನ್ನುವವರು ಇಲ್ಲೇ ನಿಂತು ಸ್ವಲ್ಪ ಯೋಚಿಸಿ.

ನರ್ಸಿಂಗಾ, ಇದಾ?

ಹೆಚ್ಚಿನವರ ಮನಸ್ಸಲ್ಲಿರುವ ನಿಜವಾದ ಹೋಲಿಕೆ ಇದೇ. ಎರಡನ್ನೂ ಕಮ್ಯುನಿಟಿ ಕಾಲೇಜಲ್ಲಿ ಅಸೋಸಿಯೇಟ್ ಡಿಗ್ರಿಯಾಗಿ ಓದಬಹುದು. ಪ್ರಿರಿಕ್ವಿಸಿಟ್‌ಗಳೂ (ಮುಖ್ಯ ಕೋರ್ಸಿಗೆ ಮುಂಚೆ ಮುಗಿಸಬೇಕಾದ ವಿಷಯಗಳು) ಬಹುಪಾಲು ಒಂದೇ: ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಇಂಗ್ಲಿಷ್, ಗಣಿತ. ರೆಸ್ಪಿರೇಟರಿಗೆ ಕೆಲವು ಕಡೆ ಕೆಮಿಸ್ಟ್ರಿ ಅಥವಾ ಫಿಸಿಕ್ಸ್ ಕೂಡ ಕೇಳುತ್ತಾರೆ.

ಸಂಬಳದಲ್ಲಿ ನರ್ಸಿಂಗ್ ಮುಂದಿದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2024ರ ಲೆಕ್ಕದಲ್ಲಿ ರೆಸ್ಪಿರೇಟರಿ ಥೆರಪಿಸ್ಟ್‌ಗಳ ಮಧ್ಯಮ ವಾರ್ಷಿಕ ಸಂಬಳ ಸುಮಾರು 80 ಸಾವಿರ ಡಾಲರ್, ರಿಜಿಸ್ಟರ್ಡ್ ನರ್ಸ್‌ಗಳದ್ದು ಸುಮಾರು 93 ಸಾವಿರ. ಕೆಲಸದ ಸಂಖ್ಯೆಯಲ್ಲೂ ನರ್ಸಿಂಗ್ ಎಷ್ಟೋ ಪಟ್ಟು ದೊಡ್ಡದು. ಶಾಲೆ, ಇನ್ಶೂರೆನ್ಸ್ ಕಂಪನಿ, ಕ್ಲಿನಿಕ್, ಎಲ್ಲಿ ಬೇಕಾದರೂ ನರ್ಸ್ ಇರುತ್ತಾರೆ. ರೆಸ್ಪಿರೇಟರಿಯವರ ಕೆಲಸ ಬಹುಪಾಲು ಆಸ್ಪತ್ರೆಯ ಒಳಗೇ. ಮುಂದೆ ಏರುವ ಮೆಟ್ಟಿಲೂ ನರ್ಸಿಂಗ್‌ನಲ್ಲಿ ಸ್ಪಷ್ಟ: ನರ್ಸ್ ಪ್ರಾಕ್ಟಿಷನರ್ ತನಕ ನೇರ ದಾರಿ ಇದೆ.

ಹಾಗಿದ್ದರೂ ಯಾಕೆ ಇದನ್ನು ಆರಿಸಬೇಕು? ಕೆಲಸದ ಸ್ವಭಾವಕ್ಕಾಗಿ. ನರ್ಸ್ ತಮ್ಮ ನಾಲ್ಕೈದು ರೋಗಿಗಳ ಎಲ್ಲವನ್ನೂ ನೋಡಿಕೊಳ್ಳುತ್ತಾರೆ: ಊಟ, ಔಷಧಿ, ಸ್ನಾನ, ಮನೆಯವರ ಪ್ರಶ್ನೆ. ರೆಸ್ಪಿರೇಟರಿ ಥೆರಪಿಸ್ಟ್ ಒಂದೇ ವಿಷಯವನ್ನು ಆಳವಾಗಿ ತಿಳಿದು, ಅದೇ ಶಿಫ್ಟಲ್ಲಿ ಹಲವು ವಾರ್ಡುಗಳನ್ನು ಸುತ್ತುತ್ತಾರೆ. ಯಂತ್ರ, ಅಂಕಿ, ಶರೀರ ಮೂರೂ ಒಟ್ಟಿಗೆ ಇಷ್ಟಪಡುವವರಿಗೆ ಇದು ಒಗ್ಗುತ್ತದೆ. ಎಂಜಿನಿಯರಿಂಗ್ ಓದಿ ಮನೆಯಲ್ಲಿ ಉಳಿದಿರುವ ನಮ್ಮ ಹೆಣ್ಣುಮಕ್ಕಳಿಗೆ ಈ ಮಾತು ಒತ್ತಿ ಹೇಳಬೇಕು ಅನ್ನಿಸುತ್ತದೆ. ನಿಮ್ಮ ತರ್ಕಬುದ್ಧಿ ಇಲ್ಲಿ ವ್ಯರ್ಥವಾಗುವುದಿಲ್ಲ.

ಸಂಬಳ ಒಂದೇ ಅಳತೆಗೋಲಾದರೆ ನರ್ಸಿಂಗ್ ನೋಡಿ. ನರ್ಸಿಂಗ್ ಸೀಟು ಸಿಗಲಿಲ್ಲ ಅಂತ ಮಾತ್ರ ಇದಕ್ಕೆ ಬರಬೇಡಿ. ಬಂದವರು ಮೊದಲ ವರ್ಷದ ವೆಂಟಿಲೇಟರ್ ಪಾಠಗಳಲ್ಲೇ ಸುಸ್ತಾಗುತ್ತಾರೆ.

ಯಾವ ಕಾಲೇಜಾದರೂ, ಮೊದಲು ಕೊಆರ್ಕ್

ಇದೊಂದನ್ನು ಬಿಟ್ಟು ಬೇರೆ ಏನನ್ನು ನೋಡಿದರೂ ಪ್ರಯೋಜನವಿಲ್ಲ. ರೆಸ್ಪಿರೇಟರಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಕೊಆರ್ಕ್. ಅದರ ಮಾನ್ಯತೆ ಇಲ್ಲದ ಕೋರ್ಸ್ ಮುಗಿಸಿದರೆ ಎನ್‌ಬಿಆರ್‌ಸಿ ನಡೆಸುವ ರಾಷ್ಟ್ರೀಯ ಪರೀಕ್ಷೆಗೆ ಕೂರಲು ಆಗದು. ಪರೀಕ್ಷೆ ಇಲ್ಲದೆ ಲೈಸೆನ್ಸ್ ಇಲ್ಲ. ಅಲಾಸ್ಕಾ ಒಂದನ್ನು ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲಿ ಲೈಸೆನ್ಸ್ ಬೇಕು.

ಈ ಪರೀಕ್ಷೆಯಿಂದ ಎರಡು ದರ್ಜೆ ಸಿಗುತ್ತವೆ. ಸಿಆರ್‌ಟಿ ಕೆಳಗಿನದು, ಆರ್‌ಆರ್‌ಟಿ ಮೇಲಿನದು. ಕ್ಯಾಲಿಫೋರ್ನಿಯಾ ಮತ್ತು ಒಹಾಯೊ 2015ರಿಂದ ಹೊಸಬರಿಗೆ ಆರ್‌ಆರ್‌ಟಿ ಇದ್ದರೆ ಮಾತ್ರ ಲೈಸೆನ್ಸ್ ಕೊಡುತ್ತಿವೆ. ಆ ನಿಯಮ ಇಲ್ಲದ ಕಡೆಯಲ್ಲೂ ಎಷ್ಟೋ ಆಸ್ಪತ್ರೆಗಳು ಆರ್‌ಆರ್‌ಟಿಯನ್ನೇ ಕೇಳುತ್ತವೆ. ಹಾಗಾಗಿ ಗುರಿ ಆರ್‌ಆರ್‌ಟಿಯೇ ಆಗಿರಲಿ. ಪರೀಕ್ಷೆಯ ಸ್ವರೂಪ ಕಾಲಕಾಲಕ್ಕೆ ಬದಲಾಗುತ್ತದೆ. ನೀವು ಪಾಸಾಗುವ ವರ್ಷಕ್ಕೆ ಯಾವುದು ಅನ್ವಯ ಅಂತ ಎನ್‌ಬಿಆರ್‌ಸಿ ತಾಣದಲ್ಲಿ ನೋಡಿಕೊಳ್ಳಿ.

ಕೊಆರ್ಕ್‌ನಿಂದ ಇನ್ನೊಂದು ದೊಡ್ಡ ಉಪಕಾರ ಇದೆ. ಪ್ರತಿ ಕಾಲೇಜಿನ ಫಲಿತಾಂಶವನ್ನು ಅದು ತನ್ನ ತಾಣದಲ್ಲಿ ಹಾಕುತ್ತದೆ. ಎಷ್ಟು ಜನ ಪರೀಕ್ಷೆಯ ಮೇಲಿನ ಕಟ್ ಸ್ಕೋರ್ (ಆರ್‌ಆರ್‌ಟಿ ಕಡೆಗೆ ಹೋಗಲು ಬೇಕಾದ ಅಂಕ) ದಾಟಿದರು, ಸೇರಿದವರಲ್ಲಿ ಎಷ್ಟು ಜನ ಉಳಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಲ್ಲ ಅಲ್ಲಿರುತ್ತದೆ. ಮೇಲಿನ ಕಟ್ ಸ್ಕೋರ್‌ಗೆ ಕೊಆರ್ಕ್ ಇಟ್ಟಿರುವ ಕನಿಷ್ಠ ಮಟ್ಟ ಶೇಕಡಾ 60, ವಿದ್ಯಾರ್ಥಿಗಳು ಉಳಿಯುವುದಕ್ಕೆ ಶೇಕಡಾ 70. ಇದು ಕಾಲೇಜು ಬದುಕುಳಿಯಲು ಬೇಕಾದ ಮಟ್ಟ ಅಷ್ಟೇ, ನಿಮಗೆ ಬೇಕಾದ ಮಟ್ಟ ಅಲ್ಲ. ಹತ್ತಿರದ ಎರಡು ಕಾಲೇಜುಗಳಲ್ಲಿ ಒಂದರದ್ದು 65, ಇನ್ನೊಂದರದ್ದು 90 ಇದ್ದರೆ, ಅರ್ಧ ಗಂಟೆ ಜಾಸ್ತಿ ಡ್ರೈವ್ ಮಾಡಿ ಎರಡನೆಯದಕ್ಕೇ ಹೋಗಿ. ಎರಡು ಅಂಕಿಗಳನ್ನೂ ಜೊತೆಗಿಟ್ಟು ಓದಿ. ಪಾಸಿನ ಪ್ರಮಾಣ 95 ಇದ್ದು, ಅರ್ಧದಾರಿಯಲ್ಲಿ ಬಿಟ್ಟುಹೋದವರು ಬಹಳ ಇದ್ದರೆ, ಅಲ್ಲಿ ಗಟ್ಟಿ ಇದ್ದವರು ಮಾತ್ರ ಪರೀಕ್ಷೆ ತನಕ ತಲುಪಿದ್ದಾರೆ ಎಂದರ್ಥ.

ಕಮ್ಯುನಿಟಿ ಕಾಲೇಜು

ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಮೊದಲ ಕಾರಣ ದುಡ್ಡು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಫೀಸು ಯೂನಿಟ್‌ಗೆ 46 ಡಾಲರ್. ಪುಸ್ತಕ, ಸ್ಕ್ರಬ್ಸ್, ಸ್ಟೆತಸ್ಕೋಪ್, ಲಸಿಕೆಗಳು, ಹಿನ್ನೆಲೆ ತಪಾಸಣೆ, ಪರೀಕ್ಷೆ ಶುಲ್ಕ ಎಲ್ಲ ಸೇರಿಸಿದರೂ ಸಾಲ ಇಲ್ಲದೆ ಮುಗಿಸಬಹುದು. ಟೆಕ್ಸಸ್‌ನಲ್ಲಿ ಕಾಲೇಜಿನ ವ್ಯಾಪ್ತಿಯ ಒಳಗಿನವರಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು. ಮನೆ ಯಾವ ಕೌಂಟಿಯಲ್ಲಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ.

ಎರಡು ವರ್ಷ ಅಂತ ಬರೆದಿರುತ್ತಾರೆ, ಆದರೆ ಅದು ಮುಖ್ಯ ಕೋರ್ಸಿನ ಅವಧಿ. ಪ್ರಿರಿಕ್ವಿಸಿಟ್‌ಗಳಿಗೆ ಮೊದಲೇ ಒಂದು ವರ್ಷ ಬೇಕು. ಮಕ್ಕಳನ್ನು ನೋಡಿಕೊಳ್ಳುತ್ತಾ ಒಂದೊಂದೇ ವಿಷಯ ಮುಗಿಸಿದರೆ ಇನ್ನೂ ಜಾಸ್ತಿ. ಮೂರು ವರ್ಷ ಅಂತಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಬಹಳ ಕಡೆ ವರ್ಷಕ್ಕೆ ಒಂದೇ ಬ್ಯಾಚ್, ಸೀಟುಗಳೂ ಕಡಿಮೆ. ವಿಷಯಗಳು ಒಂದರ ಮೇಲೊಂದು ಕೂತಿರುತ್ತವೆ. ನಡುವೆ ಒಂದರಲ್ಲಿ ಫೇಲಾದರೆ ಅದೇ ವಿಷಯ ಮತ್ತೆ ಬರುವ ತನಕ, ಅಂದರೆ ಬಹುಶಃ ಮುಂದಿನ ವರ್ಷದ ತನಕ, ಕಾಯಬೇಕು.

ಕ್ಲಿನಿಕಲ್ (ಆಸ್ಪತ್ರೆಯಲ್ಲಿ ನಡೆಯುವ ತರಬೇತಿ) ಶುರುವಾದ ಮೇಲೆ ಮನೆಯ ವೇಳಾಪಟ್ಟಿ ಪೂರ್ತಿ ಬದಲಾಗುತ್ತದೆ. ಬೆಳಗ್ಗೆ 6:30ಕ್ಕೆ ಆಸ್ಪತ್ರೆಯಲ್ಲಿರಬೇಕು, ಕೆಲವು ದಿನ 12 ಗಂಟೆ ಅಲ್ಲೇ. ಸಂಬಳ ಇರುವುದಿಲ್ಲ. ಮಕ್ಕಳನ್ನು ಶಾಲೆಗೆ ಬಿಡುವವರು ಯಾರು? ಅಪ್ಪ ಅಮ್ಮ ಊರಿಂದ ಬಂದಿರುವ ಆರು ತಿಂಗಳನ್ನು ನೆಚ್ಚಿಕೊಂಡು ಯೋಜನೆ ಹಾಕಬೇಡಿ. ಕ್ಲಿನಿಕಲ್ ಅದಕ್ಕಿಂತ ಉದ್ದ. ಗಂಡ ಹೆಂಡತಿ ಇಬ್ಬರೂ ಕೂತು ವಾರದ ಪಟ್ಟಿ ಬರೆದುಕೊಂಡ ಮೇಲೆ ಅರ್ಜಿ ಹಾಕುವುದು ಒಳ್ಳೆಯದು.

ಇನ್ನೊಂದು ವಿಷಯವನ್ನು ಬಹಳ ಜನ ಕೇಳುವುದೇ ಇಲ್ಲ: ಕ್ಲಿನಿಕಲ್ ಯಾವ ಆಸ್ಪತ್ರೆಗಳಲ್ಲಿ? ನನ್ನ ಪ್ರಕಾರ ಕಾಲೇಜಿನ ಹೆಸರಿಗಿಂತ ಇದು ಮುಖ್ಯ. ಟ್ರಾಮಾ ಸೆಂಟರ್ ಇರುವ ದೊಡ್ಡ ಆಸ್ಪತ್ರೆ, ಒಂದು ಒಳ್ಳೆಯ ಎನ್‌ಐಸಿಯು, ಮಕ್ಕಳ ಆಸ್ಪತ್ರೆ, ಇವು ಪಟ್ಟಿಯಲ್ಲಿದ್ದರೆ ನೀವು ಎಲ್ಲ ಥರದ ರೋಗಿಗಳನ್ನು ನೋಡುತ್ತೀರಿ. ಕೆಲಸ ಸಿಗುವುದೂ ಎಷ್ಟೋ ಸಲ ಅಲ್ಲೇ. ಎರಡು ವರ್ಷ ನಿಮ್ಮನ್ನು ನೋಡಿದ ಸೂಪರ್‌ವೈಸರ್‌ಗೆ ನಿಮ್ಮ ರೆಸ್ಯೂಮೆ ಓದುವ ಅಗತ್ಯ ಬೀಳುವುದಿಲ್ಲ. ಎರಡನೇ ವರ್ಷದಲ್ಲಿ ಕೆಲವು ರಾಜ್ಯಗಳು ವಿದ್ಯಾರ್ಥಿ ಪರ್ಮಿಟ್ ಮೇಲೆ ಸಂಬಳದ ಕೆಲಸಕ್ಕೂ ಅವಕಾಶ ಕೊಡುತ್ತವೆ. ವರ್ಕ್ ಪರ್ಮಿಟ್ ಇದ್ದವರು ಇದನ್ನು ಕೇಳಿ ತಿಳಿದುಕೊಳ್ಳಿ.

ಬ್ಯಾಚುಲರ್ ಡಿಗ್ರಿ ಈಗಲೇ ಬೇಕಾ?

ವೃತ್ತಿ ಆ ಕಡೆ ಸಾಗುತ್ತಿರುವುದು ನಿಜ. ಹೊಸದಾಗಿ ಶುರುವಾಗುವ ಕೋರ್ಸುಗಳು ಬ್ಯಾಚುಲರ್ ಅಥವಾ ಅದಕ್ಕಿಂತ ಮೇಲಿನ ಡಿಗ್ರಿ ಕೊಡಬೇಕು ಅಂತ ಕೊಆರ್ಕ್ 2018ರಿಂದ ನಿಯಮ ತಂದಿತ್ತು. ಮೊದಲೇ ಇದ್ದ ಅಸೋಸಿಯೇಟ್ ಕೋರ್ಸುಗಳು ಮುಂದುವರಿದವು. ಈ ವೃತ್ತಿಯವರ ಸಂಘವಾದ ಎಎಆರ್‌ಸಿ ಕೂಡ ಬ್ಯಾಚುಲರ್ ಪರವಾಗಿದೆ.

ಯೂನಿವರ್ಸಿಟಿಗೆ ನೇರ ಹೋಗುವುದು ಯಾರಿಗೆ ಸರಿ? ಹೈಸ್ಕೂಲ್ ಮುಗಿಸುತ್ತಿರುವ ನಿಮ್ಮ ಮಗಳಿಗೋ ಮಗನಿಗೋ ಸರಿ. ಅವರಿಗೆ ನಾಲ್ಕು ವರ್ಷ ಹೇಗೂ ಇದೆ. ಆಸ್ಟಿನ್ ಕಡೆಯವರಿಗೆ ಟೆಕ್ಸಸ್ ಸ್ಟೇಟ್ ಯೂನಿವರ್ಸಿಟಿಯ ರೌಂಡ್ ರಾಕ್ ಕ್ಯಾಂಪಸ್ ಹತ್ತಿರ. ಮುಂದೆ ಪಾಠ ಮಾಡಬೇಕು, ವಿಭಾಗದ ಮ್ಯಾನೇಜರ್ ಆಗಬೇಕು, ಫಿಸಿಷಿಯನ್ ಅಸಿಸ್ಟೆಂಟ್ ಓದಬೇಕು ಅನ್ನುವವರಿಗೂ ಬ್ಯಾಚುಲರ್ ಬೇಕಾಗುತ್ತದೆ.

ಮಧ್ಯದ ದಾರಿಯೂ ಇದೆ. ಕೆಲವು ಕಮ್ಯುನಿಟಿ ಕಾಲೇಜುಗಳೇ ಬ್ಯಾಚುಲರ್ ಕೊಡುತ್ತವೆ. ಕ್ಯಾಲಿಫೋರ್ನಿಯಾ 2014ರಲ್ಲಿ ಕಾನೂನು ಮಾಡಿ ಕೆಲವು ಕಮ್ಯುನಿಟಿ ಕಾಲೇಜುಗಳಿಗೆ ಈ ಅವಕಾಶ ಕೊಟ್ಟಾಗ, ಸ್ಕೈಲೈನ್ ಮತ್ತು ಮೊಡೆಸ್ಟೊ ಜೂನಿಯರ್ ಕಾಲೇಜು ರೆಸ್ಪಿರೇಟರಿ ಕೇರ್ ಆರಿಸಿಕೊಂಡವು. ಇನ್ನೊಂದು ದಾರಿ, ಮೊದಲು ಅಸೋಸಿಯೇಟ್ ಮುಗಿಸಿ ಆರ್‌ಆರ್‌ಟಿ ಆಗಿ ಕೆಲಸಕ್ಕೆ ಸೇರುವುದು, ಆಮೇಲೆ ಆನ್‌ಲೈನ್‌ನಲ್ಲಿ ಬ್ಯಾಚುಲರ್ ಪೂರ್ತಿ ಮಾಡುವುದು. ಬಾಯ್ಸಿ ಸ್ಟೇಟ್ ಯೂನಿವರ್ಸಿಟಿಯ ಕೋರ್ಸ್ ಇಂಥದ್ದೇ. ಫೀಸಿಗೆ ನೆರವು ಕೊಡುವ ಆಸ್ಪತ್ರೆಗಳೂ ಇವೆ. ಮೂವತ್ತು ದಾಟಿ ಎರಡನೇ ವೃತ್ತಿ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಕಾಣುವುದಿಲ್ಲ. ಸಂಬಳ ಬೇಗ ಶುರುವಾಗುತ್ತದೆ, ಡಿಗ್ರಿಯೂ ಕೈತಪ್ಪುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈ ಆನ್‌ಲೈನ್ ಬ್ಯಾಚುಲರ್‌ಗಳು ಈಗಾಗಲೇ ಥೆರಪಿಸ್ಟ್ ಆಗಿರುವವರಿಗೆ ಮಾತ್ರ. ಏನೂ ಗೊತ್ತಿಲ್ಲದವರನ್ನು ಪೂರ್ತಿ ಆನ್‌ಲೈನ್‌ನಲ್ಲೇ ಥೆರಪಿಸ್ಟ್ ಮಾಡುತ್ತೇವೆ ಅನ್ನುವ ಜಾಹೀರಾತು ಕಂಡರೆ ದೂರ ಇರಿ. ರೋಗಿಯ ಹಾಸಿಗೆ ಪಕ್ಕ ನಿಲ್ಲದೆ ಈ ಕೆಲಸ ಕಲಿಯಲು ಆಗುವುದಿಲ್ಲ.

ಭಾರತದ ಬಿಇ, ಬಿಎಸ್ಸಿ ಇದ್ದವರಿಗೆ ಮಾಸ್ಟರ್ಸ್ ಮಟ್ಟದ ಪ್ರವೇಶವೂ ಇದೆ. ಶಿಕಾಗೊದ ರಶ್ ಯೂನಿವರ್ಸಿಟಿಯಲ್ಲಿ ಬೇರೆ ವಿಷಯದಲ್ಲಿ ಡಿಗ್ರಿ ಇದ್ದವರು ನೇರ ಮಾಸ್ಟರ್ಸ್ ಮಾಡಿ ಇದೇ ಪರೀಕ್ಷೆಗೆ ಕೂರಬಹುದು. ವಿಜ್ಞಾನದ ಪ್ರಿರಿಕ್ವಿಸಿಟ್‌ಗಳು ಅಲ್ಲೂ ತಪ್ಪುವುದಿಲ್ಲ, ಖರ್ಚು ಮಾತ್ರ ಹಲವು ಪಟ್ಟು. ವಾರ್ಡಿನಲ್ಲಿ ಹೊಸಬರಾಗಿ ಸೇರಿದಾಗ ಕೆಲಸ ಅದೇ, ಲೈಸೆನ್ಸೂ ಅದೇ. ಸಂಶೋಧನೆ, ಬೋಧನೆ ನಿಮ್ಮ ಗುರಿಯಾದರೆ ಸರಿ, ಇಲ್ಲದಿದ್ದರೆ ಅಷ್ಟು ದುಡ್ಡು ಸುರಿಯುವ ಅಗತ್ಯ ಕಾಣದು.

ಲಾಭಕ್ಕಾಗಿ ನಡೆಸುವ ಖಾಸಗಿ ಸಂಸ್ಥೆಗಳು

ಕೊಆರ್ಕ್ ಮಾನ್ಯತೆ ಇರುವ ಖಾಸಗಿ ಕೆರಿಯರ್ ಕಾಲೇಜುಗಳೂ ಇವೆ. ಅವುಗಳ ಅನುಕೂಲ ಸ್ಪಷ್ಟ: ಕಾಯುವ ಪಟ್ಟಿ ಕಡಿಮೆ, ಎರಡು ವರ್ಷದ ಒಳಗೇ ಮುಗಿಯಬಹುದು. ಆದರೆ ಫೀಸು ಹತ್ತಾರು ಸಾವಿರ ಡಾಲರ್. ಅಲ್ಲಿನ ಕ್ರೆಡಿಟ್‌ಗಳನ್ನು ಯೂನಿವರ್ಸಿಟಿಗಳು ಮುಂದೆ ಒಪ್ಪದೇ ಇರಬಹುದು. ಒಪ್ಪದಿದ್ದರೆ ಬ್ಯಾಚುಲರ್‌ಗಾಗಿ ಮತ್ತೆ ಮೊದಲಿಂದ ಓದಬೇಕಾದೀತು. ಸೇರುವ ಮೊದಲು ನೀವು ಮುಂದೆ ಹೋಗಬೇಕೆಂದಿರುವ ಯೂನಿವರ್ಸಿಟಿಗೇ ಮೇಲ್ ಬರೆದು ಕೇಳಿ. ಪ್ರವೇಶ ವಿಭಾಗದವರ ಬಾಯಿಮಾತು ಸಾಲದು.

ವೀಸಾ ಪ್ರಕಾರ ಆಯ್ಕೆ

ಗ್ರೀನ್ ಕಾರ್ಡ್ ಅಥವಾ ಸಿಟಿಜನ್‌ಷಿಪ್ ಇದ್ದವರಿಗೆ ಅಡ್ಡಿ ಇಲ್ಲ. ಎಫ್‌ಎಎಫ್‌ಎಸ್‌ಎ ಅನ್ನುವ ಅರ್ಜಿ ತುಂಬಿದರೆ ಕೇಂದ್ರ ಸರ್ಕಾರದ ನೆರವಿಗೂ ಅರ್ಜಿ ಹಾಕಬಹುದು.

ಎಚ್-4ರಲ್ಲಿ (ಎಚ್-1ಬಿ ಕೆಲಸದ ವೀಸಾ ಇರುವವರ ಕುಟುಂಬಕ್ಕೆ ಸಿಗುವ ವೀಸಾ) ಇರುವವರು ವೀಸಾ ಬದಲಿಸದೆ ಓದಬಹುದು. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ನೆಲೆಸಿದ್ದು, ಅಲ್ಲೇ ಇರುವ ಉದ್ದೇಶಕ್ಕೆ ದಾಖಲೆ ಇದ್ದರೆ ನಿವಾಸಿ ದರವೂ ಸಿಗಬಹುದು. ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾದರೆ ಆ ಅನುಕೂಲ ಹೋಗುತ್ತದೆ. ಆದರೆ ಕೆಲಸ ಮಾಡಲು ಇಎಡಿ (ವರ್ಕ್ ಪರ್ಮಿಟ್) ಬೇಕೇ ಬೇಕು. ಎಚ್-1ಬಿ ಇರುವ ಸಂಗಾತಿಯ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಎಚ್-4 ಇಎಡಿಗೆ ಅರ್ಜಿ ಹಾಕುವ ಅವಕಾಶ 2015ರಿಂದ ಇದೆ. ಓದು ಮೂರು ವರ್ಷ, ಆ ಹೊತ್ತಿಗೆ ಐ-140 ಬರುತ್ತದಾ ಅಂತ ಮನೆಯಲ್ಲಿ ಲೆಕ್ಕ ಹಾಕಿ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಹಿನ್ನೆಲೆ ತಪಾಸಣೆ ಮತ್ತು ಲೈಸೆನ್ಸ್ ಅರ್ಜಿಗೆ ಏನು ಮಾಡಬೇಕು ಅಂತ ಕಾಲೇಜನ್ನೂ ರಾಜ್ಯದ ಬೋರ್ಡನ್ನೂ ಮೊದಲೇ ಕೇಳಿ.

ಊರಿಂದ ಎಫ್-1ರಲ್ಲಿ ಬರಬೇಕು ಅನ್ನುವವರಿಗೆ ನಾನು ಈ ದಾರಿಯನ್ನು ಹೇಳಲಾರೆ. ಹೊರಗಿನವರ ಫೀಸು ಕಟ್ಟಬೇಕು. ಓದಿದ ಮೇಲೆ ಒಪಿಟಿ, ಅಂದರೆ ಓದಿಗೆ ಸಂಬಂಧಿಸಿದ ಕೆಲಸ ಮಾಡುವ ಅನುಮತಿ, ಒಂದು ವರ್ಷ. ಎಚ್-1ಬಿಗೆ ಸಾಮಾನ್ಯವಾಗಿ ಬ್ಯಾಚುಲರ್ ಬೇಡುವ ಕೆಲಸವೇ ಆಗಿರಬೇಕು. ಅಸೋಸಿಯೇಟ್ ಸಾಕು ಅನ್ನುವ ಈ ಕೆಲಸಕ್ಕೆ ಅದು ಸಿಗುವುದು ಕಷ್ಟ. ನರ್ಸ್‌ಗಳಿಗೂ ಫಿಸಿಯೋಥೆರಪಿಸ್ಟ್‌ಗಳಿಗೂ ಗ್ರೀನ್ ಕಾರ್ಡ್ ಹಾದಿಯಲ್ಲಿ ಶೆಡ್ಯೂಲ್ ಎ ಅನ್ನುವ ಸಡಿಲಿಕೆ ಇದೆ, ಇವರಿಗೆ ಇಲ್ಲ. ಕರ್ನಾಟಕದಲ್ಲೇ ಇರುವವರಿಗೆ ಮಣಿಪಾಲದಲ್ಲಿ ಬ್ಯಾಚುಲರ್ ಇದೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲೂ ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಇದೆ. ಆದರೆ ಆ ಡಿಗ್ರಿ ಹಿಡಿದು ಅಮೆರಿಕಕ್ಕೆ ಬಂದರೆ ನೇರವಾಗಿ ಎನ್‌ಬಿಆರ್‌ಸಿ ಪರೀಕ್ಷೆ ಬರೆಯಲು ಆಗುವುದಿಲ್ಲ, ಕೊಆರ್ಕ್ ಮಾನ್ಯತೆಯ ಕೋರ್ಸನ್ನೇ ಮಾಡಬೇಕು. ಮದುವೆಯಾಗಿ ಬಂದವರಿಗೆ ಇದು ತುಂಬ ನೋವಿನ ಸುದ್ದಿ ಅಂತ ಗೊತ್ತು. ಹಳೆಯ ಅಂಕಪಟ್ಟಿ ಮೌಲ್ಯಮಾಪನ ಮಾಡಿಸಿದರೆ ಇಂಗ್ಲಿಷ್, ಗಣಿತದಂಥ ಕೆಲವು ವಿಷಯಗಳನ್ನಾದರೂ ಮತ್ತೆ ಓದುವುದು ತಪ್ಪಬಹುದು.

ಈ ವಾರ ಮಾಡಬಹುದಾದದ್ದು

ಕಾಲೇಜಿನಲ್ಲಿ ಪ್ರೋಗ್ರಾಂ ಡೈರೆಕ್ಟರ್ ಅಂತ ಒಬ್ಬರು ಇರುತ್ತಾರೆ. ಸಾಮಾನ್ಯ ಪ್ರವೇಶ ಕಚೇರಿಯವರಿಗಿಂತ ಅವರೇ ಸರಿಯಾದ ಉತ್ತರ ಕೊಡುವವರು. ಮಾಹಿತಿ ಸಭೆಗಳನ್ನೂ ಇಟ್ಟಿರುತ್ತಾರೆ, ಹೋಗಿ. ನನ್ನ ವಿಜ್ಞಾನದ ವಿಷಯಗಳು ಹಳೆಯದಾಗಿವೆಯಾ, ಮತ್ತೆ ಓದಬೇಕಾ ಅಂತ ಕೇಳಿ. ಎಷ್ಟೋ ಕಡೆ ಐದು ಅಥವಾ ಏಳು ವರ್ಷದ ಗಡಿ ಇರುತ್ತದೆ. ಸೀಟು ಅಂಕದ ಮೇಲಾ, ಲಾಟರಿಯಾ, ಕಾಯುವ ಪಟ್ಟಿಯಾ? ಕ್ಲಿನಿಕಲ್ ಆಸ್ಪತ್ರೆಗಳ ಪಟ್ಟಿ ಕೊಡುತ್ತೀರಾ? ರಾತ್ರಿ ಶಿಫ್ಟ್ ಕ್ಲಿನಿಕಲ್ ಇದೆಯಾ?

ಅಂಕಪಟ್ಟಿಯ ಮೌಲ್ಯಮಾಪನವನ್ನು ಇವತ್ತೇ ಶುರು ಮಾಡಿ. ಡಬ್ಲ್ಯುಇಎಸ್‌ನಂಥ ಸಂಸ್ಥೆಗಳು ನಿಮ್ಮ ವಿಶ್ವವಿದ್ಯಾಲಯದಿಂದಲೇ ಮೊಹರು ಹಾಕಿದ ದಾಖಲೆ ಕೇಳುತ್ತವೆ. ಬೆಂಗಳೂರು, ಮೈಸೂರು, ಬೆಳಗಾವಿಯ ಕಚೇರಿಗಳಿಂದ ಅದು ಹೊರಡಲು ತಿಂಗಳುಗಳೇ ಹಿಡಿಯಬಹುದು. ಊರಲ್ಲಿ ಓಡಾಡಿ ಮಾಡಿಸಬಲ್ಲ ಅಣ್ಣನೋ ತಮ್ಮನೋ ಇದ್ದರೆ ಈಗಲೇ ಫೋನ್ ಮಾಡಿ ಹೇಳಿ. ಅರ್ಜಿಯ ಕೊನೆ ದಿನ ತಪ್ಪಿದರೆ ಮುಂದಿನ ಬ್ಯಾಚಿಗೆ ಒಂದು ವರ್ಷ ಕಾಯಬೇಕು.